ಆಕಳು ಒಲ್ಲೆನೆಂದ ಮನೆ

ಶ್ರಾವಣ ಶುರುವಾಗಿ ಇನ್ನೂ ಹನ್ನೆರಡು ದಿನ. ಅಷ್ಟರಲ್ಲೇ ಮಠಕ್ಕೆ ಒಂಬತ್ತು ಗೃಹಪ್ರವೇಶದ ಪತ್ರಿಕೆಗಳು ಬಂದಿವೆ. ಬಹಳ ಸಂತೋಷ. ಮನೆ ಕಟ್ಟುವುದೆಂದರೆ ಸಣ್ಣ ಮಾತೇ? ಮನೆ ಕಟ್ಟಿದವರನ್ನು ನೂರು ಜನರ ನಡುವೆ ನಿಲ್ಲಿಸಿದರೂ ಗುರುತು ಹಿಡಿಯಬಹುದು. ತಲೆಯ ಕೂದಲು ಅರ್ಧ ಉದುರಿರುತ್ತದೆ, ಗೌಂಡಿಯ ಹೆಸರೆತ್ತಿದರೆ ಕಣ್ಣು ಕೆಂಪಾಗುತ್ತದೆ. ನಗಬೇಡಿ. ನಿಮ್ಮೊಳಗೇ ನಾಲ್ಕು ಜನ ಹಾಗೆ ಕೂತಿದ್ದೀರಿ, ನನಗೆ ಇಲ್ಲಿಂದಲೇ ಕಾಣುತ್ತಿದೆ.

ಕರೆದ ಮನೆಗಳಿಗೆಲ್ಲ ನಾನು ಹೋಗುತ್ತೇನೆ. ಹೋದ ಕೂಡಲೇ ಯಜಮಾನರು ಮುಂದೆ ಮುಂದೆ ನಡೆದು ತೋರಿಸುತ್ತಾರೆ. "ಅಜ್ಜಾರ, ಈ ಹಾಲ್ ನೋಡ್ರಿ. ಈ ಮ್ಯಾಲ ತೂಗೂ ದೀಪದ ಝೂಮರ್ ನೋಡ್ರಿ. ಈ ಬಾಗಲಾ ನೋಡ್ರಿ, ಸಾಗವಾನಿ." ನೋಡುತ್ತೇನೆ, ತಲೆದೂಗುತ್ತೇನೆ, ಹರಸುತ್ತೇನೆ. ಕೊನೆಗೆ ಹೊರಡುವಾಗ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆಗೆ ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ಏನು ಪ್ರಶ್ನೆ? ಈಗಲೇ ಹೇಳಿಬಿಟ್ಟರೆ ನೀವು ಚಪ್ಪಲಿ ಹುಡುಕಲು ಶುರುಮಾಡುತ್ತೀರಿ. ಮೊದಲು ಕಥೆ ಕೇಳಿ.

ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಊರಿನ ಹೆಸರು ಹೇಳುವುದಿಲ್ಲ, ಸಾಹುಕಾರನ ಹೆಸರೂ ಹೇಳುವುದಿಲ್ಲ. ಹೇಳಿದರೆ ನೀವು 'ಓ, ಅವನಾ!' ಎಂದು ಹಗುರಾಗಿಬಿಡುತ್ತೀರಿ. ಹೆಸರಿಲ್ಲದಿದ್ದರೆ ಅವನು ನಿಮ್ಮ ಪಕ್ಕದಲ್ಲೂ ಕೂತಿರಬಹುದು, ನಿಮ್ಮ ಅಂಗಿಯೊಳಗೂ ಇರಬಹುದು. ಈ ಕಥೆಯಲ್ಲಿ ಹೆಸರಿರುವುದು ಒಂದು ಆಕಳಿಗೆ ಮಾತ್ರ. ಅದರ ಹೆಸರು ಕೆಂದಿ. ಅದು ತನ್ನ ಹೊತ್ತಿಗೆ ತಾನೇ ಬರುತ್ತದೆ.

ಸಾಹುಕಾರನದು ಒಣಮೆಣಸಿನಕಾಯಿ ವ್ಯಾಪಾರ. ಒಳ್ಳೆಯವನು, ದುಡಿಮೆಗಾರ, ಮಾತಿಗೆ ಸ್ವಲ್ಪ ಗತ್ತು. ಮನೆಯಲ್ಲಿ ಅವ್ವ, ಹೆಂಡತಿ, ಇಬ್ಬರು ಮಕ್ಕಳು. ತಂದೆ ತೀರಿಕೊಂಡಾಗ ಅವನಿಗೆ ಮೂರು ವರ್ಷ. ಅವ್ವ ಮೆಣಸಿನಕಾಯಿ ಅಂಗಡಿಗಳಲ್ಲಿ ತೊಟ್ಟು ಬಿಡಿಸುವ ಕೂಲಿ ಮಾಡಿ ಅವನನ್ನು ಬೆಳೆಸಿದಳು. ಉರಿಯುವ ಕೈಯಿಂದ ಮಗನ ಮುಖ ಮುಟ್ಟಬಾರದೆಂದು, ಸೆರಗಿನ ತುದಿಯಿಂದಲೇ ಅವನ ಗಲ್ಲ ಹಿಡಿದು ಮುದ್ದು ಮಾಡುತ್ತಿದ್ದಳು. ಅಂಥ ತಾಯಿ.

ಆ ತಾಯಿ ಮಗ ಒಂದಾದ ಮೇಲೊಂದು ಬಾಡಿಗೆ ಮನೆಗಳಲ್ಲಿ ಇದ್ದರು. ಒಟ್ಟು ಹನ್ನೊಂದು ಮನೆ. ಮಾಲಕರು ಹನ್ನೊಂದು ತರಹ, ಆದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ನೋಡವಾ, ಗ್ವಾಡಿಗೆ ಮೊಳಿ ಹೊಡೀಬಾರದು." ಗೋಡೆಗೆ ಮೊಳೆ ಇಲ್ಲದಿದ್ದರೆ ಸಾಮಾನು ಎಲ್ಲಿ ತೂಗುಹಾಕುವುದು? ಅವ್ವನ ಎಲೆಯಡಿಕೆ ಸಂಚಿ ಹಗಲು ಸೊಂಟದಲ್ಲಿ, ರಾತ್ರಿ ತಲೆದಿಂಬಿನಡಿ. ಅವಳ ಚೀಲ ನೆಲದ ಮೇಲೆ, ಇಲಿಗಳ ಸಮಕ್ಕೆ. ಒಂದು ದಿನ ಅವಳಿಗೆ ದಾರಿಯಲ್ಲಿ ಹೆಬ್ಬೆಟ್ಟು ಗಾತ್ರದ ಒಂದು ಮೊಳೆ ಸಿಕ್ಕಿತು. ಒರೆಸಿ ಸಂಚಿಯೊಳಗೆ ಇಟ್ಟುಕೊಂಡಳು. "ಯಾಕವ್ವ?" ಎಂದು ಮಗ ಕೇಳಿದ. "ನಮ್ಮ ಮನಿ ಗ್ವಾಡಿಗಪಾ" ಎಂದಳು. ಎಂಟು ವರ್ಷದ ಆ ಹುಡುಗ ಎದೆ ಉಬ್ಬಿಸಿ ಹೇಳಿದ: "ಯವ್ವಾ, ನಾ ದೊಡ್ಡಾಂವ ಆಗಿ ನಿನಗ ಮನಿ ಕಟ್ಟಿಸ್ತೀನಿ. ಎಷ್ಟ್ ಬೇಕಷ್ಟ್ ಮೊಳಿ ಹೊಡಕೋ. ಯಾರು ಬ್ಯಾಡ ಅಂತಾರ ನೋಡೂಣು!"

ಈ ಮಾತು ನೆನಪಿಡಿ. ನೀವಾದರೂ ನೆನಪಿಡಿ, ಯಾಕೆಂದರೆ ಅವನು ಮರೆತುಬಿಡುತ್ತಾನೆ.

ಹುಡುಗ ದೊಡ್ಡವನಾದ. ಅವ್ವ ತೊಟ್ಟು ಬಿಡಿಸುತ್ತಿದ್ದ ಅಂಗಡಿಯಂಥ ಎರಡು ಅಂಗಡಿಗಳಿಗೆ ತಾನೇ ಮಾಲಕನಾದ. ಐವತ್ತು ದಾಟಿತು. ಈಗ ಮನೆ ಕಟ್ಟಬೇಕು. ಎಲ್ಲಿ ಕೂತರೂ ನಿಂತರೂ ಒಂದೇ ಮಾತು, "ನಮ್ಮವ್ವಗಂತ ಮನಿ ಕಟ್ಟಿಸಾಕತ್ತೀನಿ." ಮಾತು ಸುಳ್ಳಲ್ಲ. ಅವ್ವನ ಮೇಲೆ ಅವನಿಗೆ ಪ್ರಾಣ. ಅವ್ವನಿಗಾಗಲೇ ಎಪ್ಪತ್ತಾರು, ಕಣ್ಣಿಗೆ ಆಪರೇಷನ್ ಆಗಿತ್ತು, ಮೊಣಕಾಲು ಮಡಚುತ್ತಿರಲಿಲ್ಲ. ಇನ್ನು ಎಷ್ಟು ವರ್ಷ ಇದ್ದಾಳೋ, ಇದ್ದಷ್ಟು ದಿನ ಸ್ವಂತ ಸೂರಿನಡಿ ರಾಣಿಯ ಹಾಗೆ ಇರಲಿ ಎಂಬುದೇ ಅವನ ಆಸೆ.

ಊರಲ್ಲಿ ಒಬ್ಬ ಹಳೆಯ ಗೌಂಡಿ ಇದ್ದ. ಕಿವಿಗೆ ಪೆನ್ಸಿಲ್, ಹೆಗಲಿಗೆ ದಾರದ ಉಂಡೆ. ಅವನದೊಂದು ಪದ್ಧತಿ ಇತ್ತು. ಅಡಿಪಾಯ ತೋಡುವ ಮೊದಲು ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ನೆಲದ ಮೇಲೆ ಬರೆಯುತ್ತಿದ್ದ. ಅದನ್ನು ಎಲ್ಲ ಗೌಂಡಿಗಳೂ ಮಾಡುತ್ತಾರೆ. ಇವನು ಇನ್ನೊಂದು ಮಾಡುತ್ತಿದ್ದ.

"ಸಾವ್ಕಾರ್ರ, ಗೆರಿ ಹಾಕೀನ್ರಿ. ನಾಳೆ ಒಂದ್ ಹೊತ್ತು ಮನಿ ಮಂದಿ ಎಲ್ಲಾರೂ ಬಂದು ಈ ಗೆರಿಯೊಳಗ ಬಾಳೇವು ಮಾಡ್ರಿ. ಅಕ್ಕಾರು ಅಡಗಿಮನಿ ಗೆರಿಯೊಳಗ ನಿಂತು ರೊಟ್ಟಿ ಬಡದಂಗ ಮಾಡ್ಲಿ. ಅವ್ವಾರು ತಮ್ಮ ಖೋಲಿಯಿಂದ ಬಚ್ಚಲಕ್ಕ ನಡಕೊಂಡು ಹೋಗ್ಲಿ. ಎಲ್ಲೆ ತ್ರಾಸ ಆಕ್ಕೈತಿ, ಅಲ್ಲೆ ಗೆರಿ ಅಳಿಸಿ ಬ್ಯಾರೆ ಹಾಕೂಣು. ಈಗಾದ್ರ ಬರೇ ಸುಣ್ಣ ಅಳಸೂದು, ಆಮ್ಯಾಲ ಸಿಮೆಂಟ ಒಡೀಬೇಕಾಕ್ಕೈತ್ರಿ."

ಸಾಹುಕಾರ ಸುತ್ತ ನೋಡಿದ. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. "ಏ, ಹುಚ್ಚ ಹಿಡದೈತೇನೋ ನಿನಗ? ಬಟ್ಟಬಯಲಾಗ ನಮ್ಮಾಕಿ ನಿಂತು ಸುಳ್ಳ ರೊಟ್ಟಿ ಬಡೀತಾಳೇನು? ನೋಡಿದವರು ಏನಂದಾರು!"

ನೋಡಿದವರು ಏನಂದಾರು! ಕೇಳಿದಿರಾ? ಅಡಿಪಾಯ ತೋಡುವ ಮೊದಲೇ ಆ ಮನೆಗೆ ಈ ಮಾತು ಬುನಾದಿಯಾಯಿತು. ಆಮೇಲೆ ಎಲ್ಲ ಗೋಡೆಗಳೂ ಇದರ ಮೇಲೆಯೇ ಎದ್ದವು.

ಮೊದಲು ಅವ್ವನ ಖೋಲಿ ಮುಂಬಾಗಿಲ ಪಕ್ಕದಲ್ಲಿತ್ತು, ಬೆಳಕಿತ್ತು, ಬಚ್ಚಲು ಬಗಲಲ್ಲೇ ಇತ್ತು. ಒಬ್ಬ ಬೀಗರು ಬಂದು ನಿಂತು, "ಬಂದವರ ಎದುರಿಗೆ ಮುದುಕರ ಖೋಲಿ ಛಂದ ಕಾಣಾಂಗಿಲ್ರಿ" ಎಂದರು. ಬಂದವರು ಏನಂದಾರು? ಅವ್ವನ ಖೋಲಿ ಹಿಂದಕ್ಕೆ ಹೋಯಿತು, ಮುಂದಿನದು ಅತಿಥಿಗಳ ಖೋಲಿ ಆಯಿತು. ಇನ್ನೊಬ್ಬರು ಬಂದು, "ಹಾಲ್ ಇಷ್ಟ ಏನ್ರಿ?" ಎಂದರು. ಹಾಲ್ ಬೆಳೆಯಿತು, ಅಡುಗೆಮನೆ ಕುಗ್ಗಿತು. ಯಾರೋ ಫೋನಿನಲ್ಲಿ ಚಿತ್ರ ತೋರಿಸಿದರು, ಹಾಲಿನ ನಡುವಿನ ಭಾಗ ಎರಡು ಮೆಟ್ಟಿಲು ಕೆಳಗಿರುವುದೇ ಈಗಿನ ಫ್ಯಾಶನ್ ಅಂತೆ. ಇಲ್ಲೂ ಎರಡು ಮೆಟ್ಟಿಲು ಇಳಿಯಿತು. ಮನೆಯ ಮುಂದೆ ನಾಲ್ಕು ಜನ ಕೂರಲು ಕಟ್ಟೆ ಆಗಬೇಕಿತ್ತು. ಕಟ್ಟೆಯ ಬದಲು ಸಿಮೆಂಟಿನ ಎರಡು ಸಿಂಹಗಳು ಬಂದು ಕೂತವು. ನೋಡಿ, ಮನುಷ್ಯರು ಕೂರಬೇಕಾದ ಜಾಗದಲ್ಲಿ ಸಿಂಹ ಕೂತರೆ ಮನೆಗೆ ಯಾರು ಬರುತ್ತಾರೆ?

ಸಾಹುಕಾರನ ಹೆಂಡತಿ ಗಿಡ್ಡ ಹೆಂಗಸು. ಅಡುಗೆಯ ಕಟ್ಟೆ ಕಟ್ಟುವಾಗ, "ನನ್ನ ಮೊಳಕೈಗಿಂತ ಗೇಣ ಕೆಳಗ ಇರ್ಲಿ, ಇಲ್ಲಾಂದ್ರ ಹಿಟ್ಟ ನಾದಾಕ ಬಲಾ ಬರಾಂಗಿಲ್ಲ" ಎಂದಳು. "ಚಿತ್ರದಾಗ ಎಷ್ಟೈತಿ ಅಷ್ಟ ಇರ್ಲಿ" ಎಂದ ಸಾಹುಕಾರ. ಚಿತ್ರದಲ್ಲಿ ನಿಂತಿದ್ದವಳು ಆರಡಿ ಎತ್ತರದ ಹುಡುಗಿ. ಅವಳು ಒಂದು ದಿನವಾದರೂ ಹಿಟ್ಟು ನಾದಿದ್ದಳೋ ಇಲ್ಲವೋ, ದೇವರಿಗೇ ಗೊತ್ತು.

ನೆಲಕ್ಕೆ ಕನ್ನಡಿಯಂಥ ಟೈಲ್ಸ್. ಗೋಡೆಗಳಿಗೂ ಆಳೆತ್ತರ ಅವೇ ಟೈಲ್ಸ್. ಗೌಂಡಿ ಬಚ್ಚಲಿನಲ್ಲಿ ಒಂದು ಚರಿಗೆ ನೀರು ಸುರಿದು ತೋರಿಸಿದ. ನೀರು ಮೋರಿಯ ಕಡೆ ಹೋಗದೆ ಬಾಗಿಲ ಕಡೆ ನಿಧಾನವಾಗಿ ಬಂತು. "ಇಳಿಜಾರ ಸಾಲಂಗಿಲ್ರಿ. ಎರಡ ದಿನ ಕೊಡ್ರಿ, ತಗದು ಹಾಕ್ತೀನಿ."

"ಎರಡ ದಿನ ಎಲ್ಲಿಂದ ತರ್ಲೋ? ಪತ್ರಿಕಿ ಅಚ್ಚಾಗ್ಯಾವು!"

ಹೌದು. ಪ್ಲಾಸ್ಟರ್ ಆಗುವ ಮೊದಲೇ ಪತ್ರಿಕೆ ಅಚ್ಚಾಗಿತ್ತು. ಇದು ನಮ್ಮ ನಾಡಿನ ಹಳೇ ರೋಗ. ಬೇರೆ ಎಲ್ಲದಕ್ಕೂ ವಸ್ತು ತಯಾರಾದ ಮೇಲೆ ದಿನ ಗೊತ್ತು ಮಾಡುತ್ತೇವೆ, ಮನೆಗೆ ಮಾತ್ರ ದಿನ ಗೊತ್ತು ಮಾಡಿ ಆಮೇಲೆ ಮನೆಯನ್ನು ಓಡಿಸುತ್ತೇವೆ. ಗೌಂಡಿ ಮತ್ತೆ ಹೇಳಿದ: "ಟೈಲ್ಸ್ ಮ್ಯಾಲಿನ ಗ್ವಾಡಿಗಿ ಪ್ಲಾಸ್ಟರ ಹಾಕಿ ನಾಕ ದಿನ ಆಗೈತ್ರಿ. ಗ್ವಾಡಿಗಿ ಇನ್ನೂ ನೀರ ಕುಡಸಬೇಕು. ಅದು ಹೊಟ್ಟಿತುಂಬ ಕುಡದು, ಆಮ್ಯಾಲ ಒಣಗಬೇಕು. ಈಗ ಬಣ್ಣಾ ಹೊಡದ್ರ ಬೊಬ್ಬಿ ಏಳ್ತಾವ್ರಿ." ಸಾಹುಕಾರ ಕೇಳಲಿಲ್ಲ. ಪತ್ರಿಕೆಯಲ್ಲಿ ದಿನ ಇದೆ, ಬಂದವರಿಗೆ ಏನು ಹೇಳುವುದು? ಗೌಂಡಿ ಹಸಿ ಗೋಡೆಗೆ ಬಣ್ಣ ಹೊಡೆಸಿ, ದಾರದ ಉಂಡೆ ಸುತ್ತಿಕೊಂಡು ಹೋದ.

ಗೃಹಪ್ರವೇಶದ ದಿನ ಬಂತು. ಪೆಂಡಾಲು, ವಾದ್ಯ, ಸುತ್ತಲ ಏಳೂರಿನ ವ್ಯಾಪಾರಿಗಳು. ಸಾಹುಕಾರ ತಲೆಗೆ ರೇಷ್ಮೆಯ ಪಟಗ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಮೊದಲು ಆಕಳು ಒಳಗೆ ಬರಬೇಕು, ಅದರ ಹಿಂದೆ ಅವ್ವ ಬರಬೇಕು, ಅವ್ವ ತನ್ನ ಕೈಯಾರೆ ಹಾಲು ಉಕ್ಕಿಸಬೇಕು. ಈ ಗಳಿಗೆಗೆ ಅವನು ನಲವತ್ತಮೂರು ವರ್ಷ ಕಾದಿದ್ದ.

ಕೆಂದಿಯನ್ನು ಕರೆತಂದರು. ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ. ಕೆಂದಿ ಹೊಸ್ತಿಲತನಕ ಗಂಭೀರವಾಗಿ ಬಂತು. ಮುಂಗಾಲು ಒಳಗಿಟ್ಟಿತು. ಕಾಲು ಸರ್‍ರನೆ ಜಾರಿತು. ಕೆಂದಿ ಕಾಲು ಹಿಂದಕ್ಕೆ ತೆಗೆದುಕೊಂಡು ನೆಲವನ್ನು ನೋಡಿತು. ನೆಲದೊಳಗೆ ಇನ್ನೊಂದು ಕೆಂದಿ ತಲೆಕೆಳಗಾಗಿ ನಿಂತು ತನ್ನನ್ನೇ ನೋಡುತ್ತಿತ್ತು. ಇದೇನು ಮಾಯದ ಮನೆಯಪ್ಪ ಎಂದುಕೊಂಡಿತೋ ಏನೋ, ನಾಲ್ಕೂ ಕಾಲು ಅಗಲಿಸಿ ನಿಂತುಬಿಟ್ಟಿತು.

ಮುಂದಿನಿಂದ ಬಾಳೆಹಣ್ಣು ತೋರಿಸಿದರು. ಹಿಂದಿನಿಂದ ಇಬ್ಬರು ನೂಕಿದರು. ಕೆಂದಿ ಒಲ್ಲೆ ಅಂದರೆ ಒಲ್ಲೆ. ವಾದ್ಯದವರು ಉತ್ಸಾಹಕ್ಕೆ ಇನ್ನೂ ಜೋರಾಗಿ ಬಾರಿಸಿದರು. ಕೆಂದಿ ಬಾಲ ಎತ್ತಿತು. ಎತ್ತಿ ಏನು ಮಾಡಿತು ಎಂದು ನಾನು ಹೇಳಬೇಕಾಗಿಲ್ಲ. ಹೊಸ ಹೊಸ್ತಿಲು ಪವಿತ್ರವಾಯಿತು ಎಂದು ಪೂಜೆಗೆ ಬಂದ ಐನೋರು ಸಮಾಧಾನ ಹೇಳಿದರು.

ಆಗ ಸಾಹುಕಾರನಿಗೆ ಒಂದು ಉಪಾಯ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು. "ನೆಲಕ್ಕ ಚೀಲಾ ಹಾಸ್ರೋ!" ಎಂದು ಕೂಗಿದ. ಮೆಣಸಿನಕಾಯಿ ವ್ಯಾಪಾರಿಯ ಮನೆಯಲ್ಲಿ ಯಾವ ಚೀಲ ಇರುತ್ತದೆ, ನೀವೇ ಹೇಳಿ? ಆಳುಗಳು ಗಾಡಿಯಿಂದ ಇಪ್ಪತ್ತು ಖಾಲಿ ಚೀಲ ತಂದು, ಚೊಕ್ಕವಾಗಿರಲಿ ಎಂದು ಹಾಲಿನ ನಡುವೆಯೇ ಪಟಪಟನೆ ಝಾಡಿಸಿದರು!

ಮೊದಲು ಸೀನಿದವರು ಐನೋರು. ಮಂತ್ರ ಅರ್ಧಕ್ಕೆ ನಿಂತಿತು. ಆಮೇಲೆ ಬೀಗರು. ಆಮೇಲೆ ಶಹನಾಯಿಯವನು, ಅವನ ಸೀನು ಶಹನಾಯಿಯೊಳಗಿಂದ ಬಂತು. ಆಮೇಲೆ ಏಳೂರಿನ ವ್ಯಾಪಾರಿಗಳು ಒಟ್ಟಿಗೆ. ಆ ದೊಡ್ಡ ಹಾಲಿಗೆ ಗಾಳಿ ಆಡಲು ಎದುರುಬದುರು ಕಿಟಕಿ ಇರಲಿಲ್ಲ, ಕಿಟಕಿ ಇರಬೇಕಾದ ಜಾಗದಲ್ಲಿ ಟಿವಿಯ ಕಪಾಟಿತ್ತು. ಕೊನೆಗೆ ಕೆಂದಿ ಸೀನಿತು. ಆಕಳು ಸೀನಿದ್ದು ನೀವು ಕೇಳಿದ್ದೀರಾ? ಒಂದೇ ಸೀನು. ಹಗ್ಗ ಕಿತ್ತುಕೊಂಡು, ಎರಡು ಸಿಂಹಗಳ ನಡುವಿಂದ ಹಾರಿ, ತನ್ನ ಕೊಟ್ಟಿಗೆ ಸೇರಿತು.

ಹೊರಗೆ ಉಳಿದ ಇಟ್ಟಿಗೆಗಳ ಮೇಲೆ ಅವ್ವ ಕೂತಿದ್ದಳು. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು. ಸಾಹುಕಾರ ಕೆಂಪು ಮೂಗು ಒರೆಸಿಕೊಳ್ಳುತ್ತ ಬಂದ. "ನಗಬ್ಯಾಡ ಯವ್ವಾ. ಬಾ, ಒಳಗ ಬಾ."

"ಆಕಳಾ ಒಲ್ಲೆ ಅಂತು. ನಾ ಆಕಳಕ್ಕಿಂತ ಶ್ಯಾಣ್ಯಾಕಿ ಏನಪಾ?" ಎಂದಳು. ಆದರೂ ಎದ್ದಳು, ಮಗ ಕರೆದಿದ್ದಾನಲ್ಲ. ಅವನ ಕೈಯನ್ನು ಗಟ್ಟಿಯಾಗಿ ಹಿಡಿದು, ಒಂದೊಂದು ಹೆಜ್ಜೆಗೂ ಕಾಲ್ಬೆರಳಿಂದ ನೆಲ ತಡವಿ, ಕೆಂದಿಯ ಹಾಗೆಯೇ ಕಾಲು ಅಗಲಿಸಿ ನಡೆದಳು. ಎರಡು ಮೆಟ್ಟಿಲು ಇಳಿದಳು, ಎರಡು ಮೆಟ್ಟಿಲು ಏರಿದಳು, ಏದುಸಿರು ಬಿಟ್ಟಳು. ಸೊಸೆ ಮಣೆಯ ಮೇಲೆ ನಿಂತು ಒಲೆ ಹಚ್ಚಿಕೊಟ್ಟಳು, ಅವ್ವ ಎಟುಕಿಸಿಕೊಂಡು ಹಾಲು ಇಟ್ಟಳು. ಹಾಲು ಉಕ್ಕಿತು. ಅವ್ವನ ಮುಖವೂ ಅರಳಿತು. "ಛಲೋ ಆತಪಾ" ಎಂದಳು. ಆಮೇಲೆ ಹಿಂದಿನ ಖೋಲಿಗೆ ಹೋಗಿ ಮಂಚದ ಮೇಲೆ ಕೂತು, ಸಂಚಿ ಬಿಚ್ಚಿದಳು. ಎಲೆಯಡಿಕೆಯ ನಡುವಿಂದ ಒಂದು ಮೊಳೆ ತೆಗೆದಳು.

ಅದೇ ಮೊಳೆ. ಇನ್ನೊಂದು ಕೈಯಲ್ಲಿ ಹೊರಗಿನಿಂದ ತಂದ ಇಟ್ಟಿಗೆಯ ಚೂರು. ಗೋಡೆಯ ಮೇಲೆ ಬೆರಳಾಡಿಸಿ, ಮೊಳೆ ಇಟ್ಟು, ಇಟ್ಟಿಗೆ ಎತ್ತಿದಳು.

"ಯವ್ವಾ!" ಸಾಹುಕಾರ ಬಾಗಿಲಿನಿಂದ ಚೀರಿದ. "ಗ್ವಾಡಿಗೆ ಮೊಳಿ ಹೊಡೀಬ್ಯಾಡ! ಟೈಲ್ಸ್ ಒಡೀತಾವು!"

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಅವನಿಗೇ ಕೇಳಿಸಿತು. ಎಲ್ಲೋ ಕೇಳಿದ ಮಾತು. ಹನ್ನೊಂದು ಸಲ ಕೇಳಿದ ಮಾತು. ಅವ್ವ ಸಿಟ್ಟಾಗಲಿಲ್ಲ, ಅಳಲಿಲ್ಲ. ಮೊಳೆಯನ್ನು ಸೆರಗಿನಿಂದ ಒರೆಸಿ ಮತ್ತೆ ಸಂಚಿಯೊಳಗೆ ಇಟ್ಟಳು. "ಹಂಗಾರ ಇದು ಹನ್ನೆರಡನೇ ಮನಿ ಅನ್ನು" ಎಂದಳು. ಅಷ್ಟೇ. ಅವನಿಗೆ ಊಟ ಸೇರಲಿಲ್ಲ. ಊರಿಗೆಲ್ಲ ಹೋಳಿಗೆ ಬಡಿಸಿದವನು ತಾನು ಬರೀ ಮಜ್ಜಿಗೆ ಕುಡಿದು ಎದ್ದ.

ವಾರ ಕಳೆಯುವುದರೊಳಗೆ ಗೋಡೆಯ ಬಣ್ಣಕ್ಕೆ ಬೊಬ್ಬೆ ಬಂತು. ಬಚ್ಚಲಿನ ನೀರು ಹಾಲಿಗೆ ಬಂತು. ಸಾಹುಕಾರ ಗತ್ತನ್ನು ಮಡಚಿ ಜೇಬಿಗಿಟ್ಟುಕೊಂಡು ಗೌಂಡಿಯ ಮನೆಗೆ ಹೋದ. "ತಪ್ಪಾಗೈತೋ. ಏನ ಮಾಡೂದು ಹೇಳು."

ಗೌಂಡಿ ದೊಡ್ಡ ಮನುಷ್ಯ, ಹಂಗಿಸಲಿಲ್ಲ. "ಅಂದ ಮಾಡಬೇಕಾದ್ದನ್ನ ಇಂದ ಮಾಡೂಣ್ರಿ" ಎಂದ. ಮರುದಿನ ಬೆಳಿಗ್ಗೆ ಬಂದು ಸಾಹುಕಾರನ ಹೆಂಡತಿಯ ಹತ್ತಿರ ರಂಗೋಲಿ ಹಿಟ್ಟು ಕೇಳಿ ಇಸಿದುಕೊಂಡ. ಸುಣ್ಣ ಕಾಲಿಗೆ ಉರಿಯುತ್ತದೆ, ಅದಕ್ಕೆ. ಒಂದೊಂದು ಖೋಲಿಯ ಬಾಗಿಲಲ್ಲೂ ಆ ಹಿಟ್ಟನ್ನು ತೆಳ್ಳಗೆ ಚೆಲ್ಲಿದ. "ಇವತ್ತ ಕಸಾ ಹೊಡೀಬ್ಯಾಡ್ರಿ. ದಿನಾ ಹೆಂಗ ಇರ್ತೀರಿ ಹಂಗ ಇರ್ರಿ. ಸಂಜಿಕ ಬರ್ತೀನಿ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದ. ಇಬ್ಬರೂ ಹಾಲಿನಲ್ಲಿ ನಿಂತು ನೆಲ ನೋಡಿದರು. ಹೊಳೆಯುವ ನೆಲದ ಮೇಲೆ ಬಿಳಿ ಹೆಜ್ಜೆಗಳು. ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ ಬಂದು ಒಂದು ಬಿಳಿ ದಾರಿಯೇ ಬಿದ್ದಿತ್ತು, ಹೆಂಡತಿಯದು. ಎಷ್ಟು ಸಲವೋ ಲೆಕ್ಕವಿಲ್ಲ. ಮಕ್ಕಳ ಹೆಜ್ಜೆಗಳು ಮಾಳಿಗೆಯ ಮೆಟ್ಟಿಲ ಬಳಿ. ಅತಿಥಿಗಳ ಖೋಲಿಯಲ್ಲಿ ಒಂದೂ ಹೆಜ್ಜೆಯಿಲ್ಲ. ಸೋಫಾದ ಹತ್ತಿರ ಒಂದೂ ಹೆಜ್ಜೆಯಿಲ್ಲ, ಬೆಕ್ಕಿನದನ್ನು ಬಿಟ್ಟು. ಮನೆಯ ಅರ್ಧಕ್ಕರ್ಧ ಜಾಗದಲ್ಲಿ ಬೆಕ್ಕು ಒಂದೇ ಬಾಳೇವು ಮಾಡುತ್ತಿತ್ತು!

ಅವ್ವನ ಹೆಜ್ಜೆಗಳೆಲ್ಲಿ? ಸಾಹುಕಾರ ಹುಡುಕುತ್ತ ಹಿಂದಿನ ಖೋಲಿಗೆ ಹೋದ. ಅವ್ವನ ಹೆಜ್ಜೆಗಳು ಮಂಚದಿಂದ ಬಾಗಿಲತನಕ ಬಂದಿದ್ದವು. ಬಾಗಿಲಲ್ಲಿ ಎರಡು ಪಾದಗಳು ಜೋಡಿಯಾಗಿ ನಿಂತ ಗುರುತು. ಅಲ್ಲಿಂದ ಮತ್ತೆ ಮಂಚಕ್ಕೆ. ಮತ್ತೆ ಬಾಗಿಲಿಗೆ, ಮತ್ತೆ ಮಂಚಕ್ಕೆ. ದಿನವಿಡೀ ಒಂದೇ ಒಂದು ಸಲ ಹೆಜ್ಜೆಗಳು ಹಾಲ್ ದಾಟಿ ಬಚ್ಚಲಿಗೆ ಹೋಗಿದ್ದವು. ಆ ದಾರಿಯುದ್ದಕ್ಕೂ ಗೋಡೆಯ ಮೇಲೆ ಅಂಗೈಯ ಗುರುತು.

"ಯವ್ವಾ, ಒಂದ ಸಲಾ ಅಷ್ಟ ಹೋಗಿಯಲ್ಲ?"

ಅವ್ವ ಮುಖ ಆ ಕಡೆ ತಿರುಗಿಸಿದಳು. ಬೆಳೆದ ಮಗನ ಮುಂದೆ ಹೇಳುವ ಮಾತೇ ಅದು? ಆಮೇಲೆ ಮೆಲ್ಲಗೆ ಅಂದಳು: "ನೀರ ಕುಡದ್ರ ಹೋಗಬೇಕಾಕ್ಕೈತಪಾ. ಅಲ್ಲೀತನಕ ಜಾರತೈತಿ. ಅದಕ ನೀರ ಕುಡಿಯೂದ ಕಡಿಮಿ ಮಾಡೀನಿ."

ಸಾಹುಕಾರ ಆ ನೆಲದ ಮೇಲೇ ಕೂತ. ಗೋಡೆ ಹೊಟ್ಟೆ ತುಂಬ ನೀರು ಕುಡಿಯಬೇಕು ಎಂದು ಗೌಂಡಿ ಹೇಳಿದ್ದ, ಗೋಡೆಗೂ ಕುಡಿಸಲಿಲ್ಲ. ಈಗ ಅವ್ವನಿಗೂ ಕುಡಿಸಲಿಲ್ಲ. ಯಾರಿಗಾಗಿ ಮನೆ ಕಟ್ಟಿದೆನೋ ಅವಳು ಆ ಮನೆಯಲ್ಲಿ ಬಾಯಾರಿಕೊಂಡು ಕೂತಿದ್ದಾಳೆ! ಆ ದೊಡ್ಡ ಮೀಸೆಯ ಮನುಷ್ಯ ಅವ್ವನ ಮೊಣಕಾಲಿಗೆ ತಲೆಯಾನಿಸಿ ಎಂಟು ವರ್ಷದವನ ಹಾಗೆ ಅತ್ತ. ಅವ್ವ ಸೆರಗಿನ ತುದಿಯಿಂದ ಅವನ ಗಲ್ಲ ಹಿಡಿದಳು. "ಹುಚ್ಚಪ್ಪಾ, ಮನಿ ಮುರದು ಬಿದ್ದೈತೇನು? ಗ್ವಾಡಿ ನಮ್ಮವ, ನೆಲಾ ನಮ್ಮದು. ತಿದ್ದಕೊಂಡ್ರಾತು ಏಳು" ಎಂದಳು.

ತಿದ್ದಿಕೊಂಡರು. ಮೊದಲ ಟೈಲ್ಸನ್ನು ಸಾಹುಕಾರ ತಾನೇ ಸುತ್ತಿಗೆ ಹಿಡಿದು ಒಡೆದ. ಬೀಗರು ಓಡಿಬಂದರು. "ಅಯ್ಯೋ, ಹೊಸಾ ಟೈಲ್ಸ್! ಬಂದವರು ಏನಂದಾರ್ರಿ?" ಸಾಹುಕಾರ ಬೆವರು ಒರೆಸಿಕೊಂಡು ಹೇಳಿದ: "ಬಂದವರು ಚಾ ಕುಡದು ಹೋಗ್ತಾರ್ರಿ. ನಮ್ಮವ್ವ ಇಲ್ಲೇ ಇರಾಕಿ."

ಅವ್ವ ಓಡಾಡುವ ಕಡೆಯೆಲ್ಲ ನೆಲಕ್ಕೆ ಒರಟು ಕಲ್ಲಿನ ಫರಸಿ ಬಂತು. ಹಾಲಿನ ಹೊಂಡ ತುಂಬಿ ನೆಲ ಒಂದೇ ಸಮ ಆಯಿತು. ಅತಿಥಿಗಳ ಖೋಲಿ ಅವ್ವನದಾಯಿತು, ಅದರ ಗೋಡೆಯ ಟೈಲ್ಸ್ ಹೋಗಿ ಗಾರೆ ಬಂತು, ಬಚ್ಚಲು ಆರು ಹೆಜ್ಜೆಗೆ ಬಂತು, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಬಂತು. ಗೌಂಡಿ ಚರಿಗೆ ನೀರು ಸುರಿದ, ನೀರು ಓಡಿಹೋಗಿ ಮೋರಿ ಸೇರಿತು. ಅಡುಗೆಯ ಕಟ್ಟೆ ಒಂದು ಗೇಣು ಇಳಿಯಿತು, ಹೆಂಡತಿ ಮಣೆಯಿಂದ ಇಳಿದಳು. ಟಿವಿಯ ಕಪಾಟಿದ್ದ ಕಡೆ ಹೊಸ ಕಿಟಕಿ ತೆರೆಯಿತು. ಸಿಂಹಗಳು ಬೀಗರ ಮನೆಗೆ ಹೋದವು, ಅವರಿಗೆ ಅವು ಬಹಳ ಸೇರಿದ್ದವು. ಆ ಜಾಗದಲ್ಲಿ ಕಟ್ಟೆ ಬಂತು, ಕಟ್ಟೆಯ ಮೇಲೆ ಓಣಿಯ ನಾಲ್ಕು ಮುದುಕಿಯರು ಬಂದರು. ಈ ಸಲ ಗೌಂಡಿ ಗೋಡೆಗಳಿಗೆ ಬೇಕಾದಷ್ಟು ದಿನ ನೀರು ಕುಡಿಸಿದ. ಯಾರೂ ಅವಸರ ಮಾಡಲಿಲ್ಲ, ಪತ್ರಿಕೆಯೂ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಸಾದಾ ಮಂಗಳವಾರ. ಸಾಹುಕಾರ ಅವ್ವನ ಕೈಗೆ ಸುತ್ತಿಗೆ ಕೊಟ್ಟ. "ಯವ್ವಾ, ಹೊಡಿ."

ಅವ್ವ ಸಂಚಿಯಿಂದ ಮೊಳೆ ತೆಗೆದಳು. ಗೋಡೆಯ ಮೇಲೆ, ತನ್ನ ಕೈ ಎಟುಕುವ ಎತ್ತರದಲ್ಲಿ ಇಟ್ಟಳು. ಠಣ್, ಠಣ್, ಠಣ್. ಮೂರನೆಯ ಏಟು ಬೆರಳಿಗೆ ತಾಗಿತು, ಬೆರಳು ಬಾಯಿಗಿಟ್ಟುಕೊಂಡು ನಕ್ಕಳು. ಮೊಳೆ ಸ್ವಲ್ಪ ಸೊಟ್ಟಗೆ ಕೂತಿತು. ಅದರ ಸುತ್ತ ಒಂದು ಚೂರು ಗಾರೆಯೂ ಉದುರಿತು. ಉದುರಲಿ! ಅವ್ವ ಸಂಚಿಯನ್ನು ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಸೊಸೆಗೆ ಕೂಗಿದಳು:

"ತಂಗೀ, ಒಂದ ಚರಗಿ ನೀರ ಕೊಡ. ತುಂಬ ಕೊಡ."

ಗಟಗಟನೆ ಕುಡಿದಳು, ಕೊನೆಯ ಹನಿಯತನಕ. ಸಾಹುಕಾರ ನಿಂತು ನೋಡಿದ. ಅವನ ಗೃಹಪ್ರವೇಶ ಆದದ್ದು ಆಗ. ಅಷ್ಟರಲ್ಲಿ ಹಾಲಿನಲ್ಲಿ ಏನೋ ಸದ್ದು. ಹೋಗಿ ನೋಡಿದರೆ ಕೆಂದಿ! ಯಾರೂ ಕರೆದಿಲ್ಲ, ವಾದ್ಯವಿಲ್ಲ. ಒರಟು ಕಲ್ಲಿನ ಮೇಲೆ ಕಟಕಟನೆ ನಡೆದುಕೊಂಡು ಅಡುಗೆಮನೆಯತನಕ ಬಂದು, ಬುಟ್ಟಿಯಲ್ಲಿದ್ದ ಬಾಳೆಹಣ್ಣನ್ನು ತಾನೇ ತೆಗೆದುಕೊಂಡು ತಿನ್ನುತ್ತಿತ್ತು.

ಇಷ್ಟು ಕಥೆ. ನಕ್ಕಿರಿ, ಒಳ್ಳೆಯದು. ಈಗ ಸ್ವಲ್ಪ ನಿಮ್ಮ ಮನೆಗೆ ಬರೋಣ.

ನಾವು ಮನೆಯನ್ನು ಯಾರಿಗಾಗಿ ಕಟ್ಟುತ್ತೇವೆ? ಒಂದು ದಿನ ಬರುವವರಿಗಾಗಿ ಕಟ್ಟುತ್ತೇವೆ, ನಲವತ್ತು ವರ್ಷ ಇರುವವರು ಅದರಲ್ಲಿ ಹೊಂದಿಕೊಂಡು ಹೋಗುತ್ತಾರೆ. ಹೊಂದಿಕೊಳ್ಳುವವರು ಯಾರು? ಬಾಯಿಬಿಟ್ಟು ಹೇಳದವರು. ಮಣೆಯ ಮೇಲೆ ನಿಲ್ಲುವವರು, ನೀರು ಕುಡಿಯುವುದನ್ನು ಬಿಟ್ಟವರು. ಇಂಥವರು ನಿಮ್ಮ ಮನೆಯಲ್ಲಿ ಇಲ್ಲ ಎನ್ನುತ್ತೀರಾ? ಕೇಳಿದ್ದೀರಾ?

ನಾಳೆ ಬೆಳಿಗ್ಗೆ ಇದನ್ನು ಮಾಡಿ. ಪೂಜೆ ಆಮೇಲೆ ಮಾಡಿದರೂ ನಡೆಯುತ್ತದೆ, ಇದನ್ನು ಮೊದಲು ಮಾಡಿ. ಬಾಗಿಲುಗಳಲ್ಲಿ ಒಂದು ಚಿಟಿಕೆ ರಂಗೋಲಿ ಹಿಟ್ಟು ಚೆಲ್ಲಿ, ಸಂಜೆ ನೆಲ ನೋಡಿ. ಯಾರ ಹೆಜ್ಜೆ ಎಲ್ಲಿ ನಿಂತು ಹಿಂದಿರುಗಿದೆಯೋ ಅಲ್ಲಿ ನಿಮ್ಮ ಮನೆ ಮುರಿದಿದೆ, ಅಲ್ಲಿಂದ ರಿಪೇರಿ ಶುರುಮಾಡಿ. ಬಣ್ಣ ಕೊನೆಗೆ. ಹೊಸದಾಗಿ ಕಟ್ಟುವವರೇ, ಸುಣ್ಣದ ಗೆರೆಯೊಳಗೆ ಒಂದು ಹೊತ್ತು ಬಾಳೇವು ಮಾಡಿ. ಜನ ನಗಲಿ, ಅವರಿಗೂ ನಗಲು ಏನಾದರೂ ಬೇಕಲ್ಲ. ಅಡುಗೆ ಮಾಡುವವರನ್ನು ನಿಲ್ಲಿಸಿ ಅವರ ಮೊಳಕೈಯಿಂದ ಕಟ್ಟೆ ಅಳೆಯಿರಿ. ಬಚ್ಚಲಿಗೆ ಚರಿಗೆ ನೀರು ಸುರಿಯದೆ ಗೌಂಡಿಯನ್ನು ಕಳಿಸಬೇಡಿ. ಗೋಡೆ ಒಣಗುವತನಕ ಪತ್ರಿಕೆ ಅಚ್ಚು ಹಾಕಿಸಬೇಡಿ. ಸ್ವಾಮಿಗಳು ಸಿಗುವುದಿಲ್ಲ ಎಂದು ಅವಸರ ಮಾಡಬೇಡಿ, ನಾನೆಲ್ಲಿಗೆ ಹೋಗುತ್ತೇನೆ? ಇಲ್ಲೇ ಇರುತ್ತೇನೆ.

ಬರೀ ನಿಮಗೆ ಹೇಳಿದರೆ ಆಗಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕೂತು ಮೈಕಿನಲ್ಲಿ ಕೇಳುತ್ತಿರುವ ತಾಯಂದಿರೇ, ನಿಮಗೆ ಮರದ ಗಾಳಿ ಇಷ್ಟವೆಂದು ನಾನು ಇಷ್ಟು ದಿನ ತಿಳಿದಿದ್ದೆ. ಈ ಸಭಾಮಂಟಪಕ್ಕೆ ಹನ್ನೊಂದು ಮೆಟ್ಟಿಲು, ಹಿಡಿಯಲು ಒಂದು ಕಂಬಿಯೂ ಇಲ್ಲ. ಈ ಕಥೆ ಹೇಳುತ್ತ ಹೇಳುತ್ತ ಈಗ ಹೊಳೆಯಿತು. ಕಟ್ಟಿಸಿದವನು ನಾನೇ, ಬಂದವರು ಭೇಷ್ ಎನ್ನಲೆಂದು. ಕಂಬಿ ಬರುವತನಕ ನನ್ನ ಗದ್ದುಗೆ ಆ ಬೇವಿನ ಮರದ ಕೆಳಗೆ, ನಿಮ್ಮ ಮಗ್ಗುಲಿಗೆ.

ಇನ್ನು ಆ ಪ್ರಶ್ನೆ. ನಿಮ್ಮ ಹೊಸ ಮನೆಗೆ ನನ್ನನ್ನು ಕರೆಯಿರಿ, ಬರುತ್ತೇನೆ. ಝೂಮರ್ ತೋರಿಸಿ, ನೋಡುತ್ತೇನೆ. ಹೊರಡುವಾಗ ಮನೆಯ ಹಿರಿಯ ಜೀವದ ಎದುರಿಗೆ ನಿಂತು ಕೇಳುತ್ತೇನೆ: "ಯವ್ವಾ, ನಿನ್ನ ಮೊಳಿ ಎಲ್ಲಿ ಹೊಡದಿ?" ಅವಳು ಎದ್ದು, ನನ್ನ ಕೈಹಿಡಿದು ಕರೆದುಕೊಂಡು ಹೋಗಿ ಗೋಡೆ ತೋರಿಸಬೇಕು. ತೋರಿಸಿದರೆ ಆ ಮನೆಯಲ್ಲಿ ಕೂತು ಪ್ರಸಾದ ಸ್ವೀಕರಿಸುತ್ತೇನೆ. ಅವಳು ನಿಮ್ಮ ಮುಖ ನೋಡಿದಳೋ, ನನಗೆ ಏನೂ ಬೇಡ, ಅವಳ ಕೈಗೆ ಒಂದು ಸುತ್ತಿಗೆ ತಂದುಕೊಡಿ.